ಕಾಲೇಜಿನ ರೋಬೋಟ್ ಟೀಮಿಗೆ ಎಂಥ ಲೇತ್ ಅಂಗಡಿ ಬೇಕು? ಪಿ.ಬಿ. ರಸ್ತೆಯ ಒಂದು ಅಂಗಡಿಯ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಪುಕ್ಕಟೆ ಕೆಲಸ ಮಾಡಿಕೊಡುವ ಅಂಗಡಿ ಹುಡುಕುತ್ತಿದ್ದರೆ ಇದು ನಿಮಗಲ್ಲ. ಫೋನ್ ಮಾಡಿದ ಕೂಡಲೇ ಎತ್ತುವ ಅಂಗಡಿ ಬೇಕಿದ್ದರೂ ಅಲ್ಲ. ಆದರೆ ನೀವು ದಾವಣಗೆರೆಯಲ್ಲಿ ಓದುತ್ತಿದ್ದು, ಕಾಲೇಜಿನ ರೋಬೋಟ್ ಟೀಮಿಗೆ ಸೇರಿಕೊಂಡು, ಪಾರ್ಟೂ ಸಿಗುತ್ತಿಲ್ಲ ಸ್ಪಾನ್ಸರೂ ಸಿಗುತ್ತಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದರೆ ಪೂರ್ತಿ ಓದಿ. ಉದ್ದ ಇದೆ.

ಅಂಗಡಿ ಇರುವುದು ಪಿ.ಬಿ. ರಸ್ತೆಯಲ್ಲಿ, ಹರಿಹರದ ಕಡೆ ಹೋಗುವಾಗ. ಹೆಸರು ಬರೆಯುತ್ತಿಲ್ಲ, ಬರೆಯಬೇಡಿ ಅಂತ ಯಜಮಾನರೇ ಹೇಳಿದ್ದಾರೆ. "ಹೆಸ್ರು ಹಾಕಿದ್ರೆ ನಾಳೆ ಎಲ್ಲಾ ಕಾಲೇಜ್ ಹುಡ್ರೂ ಬಂದು ಅಣ್ಣಾ ಪ್ರಾಜೆಕ್ಟು, ಸ್ವಲ್ಪ ಕಮ್ಮಿ ಮಾಡ್ಕೊಳ್ರಿ ಅಂತ ನಿಂತ್ಕೊತಾರೆ, ಮೆಕ್ಕೆಜೋಳದ ಮಷಿನ್ ಕೆಲ್ಸ ಯಾರ್ ಮಾಡೋದವ್ವಾ?" ಅಂದರು. ನ್ಯಾಯವೇ. ಎರಡು ಲೇತ್, ಒಂದು ಮಿಲ್ಲಿಂಗ್ ಮಷಿನ್, ಡ್ರಿಲ್ಲಿಂಗ್, ಒಂದು ಹೈಡ್ರಾಲಿಕ್ ಪ್ರೆಸ್, ಹೊರಗೆ ಶೀಟಿನ ಕೆಳಗೆ ವೆಲ್ಡಿಂಗ್. ಅಷ್ಟೇ ಅಂಗಡಿ. ಕಂಪ್ಯೂಟರಿನಿಂದ ಓಡುವ ಸಿಎನ್‌ಸಿ ಮಷಿನ್ ಇಲ್ಲ, ಲೇಸರ್ ಇಲ್ಲ, ಕಂಪ್ಯೂಟರೂ ಇಲ್ಲ. ಕೂರಲು ಒಂದು ಸ್ಟೂಲ್ ಇದೆ, ಅದರ ಮೇಲೆ ಯಾವಾಗಲೂ ಯಾವುದೋ ಪಂಪಿನ ಶಾಫ್ಟ್ ಮಲಗಿರುತ್ತದೆ.

ಎರಡು ಲೇತಿನಲ್ಲಿ ಹಳೆಯದು ಕಿರ್ಲೋಸ್ಕರ್. ಇದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾಯಿತು. ಕಾರ್ಖಾನೆ ಇದ್ದ ಜಾಗಕ್ಕೆ ಯಂತ್ರಾಪುರ ಅಂತಲೇ ಹೆಸರು. ಲೇತ್ ಮಾಡುವುದೇ ಅವರ ಕಸುಬು. ಯಂತ್ರ ಮಾಡುವ ಯಂತ್ರ ನಮ್ಮ ಪಕ್ಕದ ಊರಲ್ಲೇ ತಯಾರಾಗುತ್ತಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕದ ಮೇಲಾಯಿತು, ಆದರೆ ಅಲ್ಲಿ ಕೆಲಸ ಕಲಿತ ಟರ್ನರ್‌ಗಳು, ಫಿಟ್ಟರ್‌ಗಳು ಎಲ್ಲಿ ಹೋಗುತ್ತಾರೆ? ಒಂದಷ್ಟು ಜನ ಹರಿಹರ, ದಾವಣಗೆರೆಯಲ್ಲೇ ಸಣ್ಣ ಅಂಗಡಿ ಹಾಕಿಕೊಂಡರು. ಈ ಅಂಗಡಿ ಅಂಥದ್ದು. ಈಗಿನ ಯಜಮಾನರ ತಂದೆ ಕಿರ್ಲೋಸ್ಕರ್‌ನಲ್ಲಿದ್ದವರು. ಆ ಅಜ್ಜ ಈಗ ಲೇತ್ ಮುಟ್ಟುವುದಿಲ್ಲ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಆದರೆ ನೀವು ತಂದ ಡ್ರಾಯಿಂಗ್ ಮೊದಲು ಅವರ ಕೈಗೇ ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಅಲ್ಲಿ ಪಾಸಾದರೆ ಮಾತ್ರ ಮುಂದೆ.

ನಾನು ಟೀಮಿನಲ್ಲಿ ವೆಲ್ಡಿಂಗ್ ಮಾಡುವವಳಲ್ಲ, ಕೋಡ್ ಬರೆಯುವವಳೂ ಅಲ್ಲ. ದುಡ್ಡು, ಪತ್ರ, ಬಿಲ್ಲು, ಜನ, ಇವೇ ನನ್ನ ಕೆಲಸ. ಹಾಗಾಗಿ ಈ ರಿವ್ಯೂ ಅರ್ಧ ಅಂಗಡಿಯ ಬಗ್ಗೆ, ಅರ್ಧ ಈ ಊರಲ್ಲಿ ಒಂದು ವಿದ್ಯಾರ್ಥಿ ಟೀಮು ಜನರ ಬೆಂಬಲ ಹೇಗೆ ಸಂಪಾದಿಸುತ್ತದೆ ಅನ್ನುವುದರ ಬಗ್ಗೆ. ನಮ್ಮ ಮಟ್ಟಿಗೆ ಅವೆರಡೂ ಒಂದೇ ಕಥೆ.

ರೋಬೋಟಿಗೆ ಲೇತ್ ಅಂಗಡಿ ಯಾಕೆ ಬೇಕು ಅಂತ ಹೊಸಬರು ಕೇಳುತ್ತಾರೆ. ಎಲ್ಲವೂ ಆನ್‌ಲೈನ್‌ನಲ್ಲಿ ಸಿಗುತ್ತಲ್ಲ ಅಂತ. ಮೋಟರ್ ಸಿಗುತ್ತದೆ, ಬೋರ್ಡ್ ಸಿಗುತ್ತದೆ, ಚಕ್ರವೂ ಸಿಗುತ್ತದೆ. ಆದರೆ ನಿಮ್ಮ ಮೋಟರಿನ ಶಾಫ್ಟಿಗೂ ನಿಮ್ಮ ಚಕ್ರಕ್ಕೂ ಮಧ್ಯೆ ಇರಬೇಕಾದ ಹಬ್ ಸಿಗುವುದಿಲ್ಲ. ಸಿಕ್ಕಿದರೂ ಅದು 6 ಮಿ.ಮೀ. ಶಾಫ್ಟಿಗೆ, ನಿಮ್ಮದು 8. ಅಥವಾ ತಲೆಯಿಲ್ಲದ ಪುಟ್ಟ ಗ್ರಬ್ ಸ್ಕ್ರೂ ಒಂದೇ ಒಂದರ ಮೇಲೆ ನಿಂತಿರುತ್ತದೆ, ಎರಡು ಸಲ ಜೋರಾಗಿ ಬ್ರೇಕ್ ಹಾಕಿದರೆ ಸಡಿಲ. ರೋಬೋಟ್ ನೇರ ಹೋಗುವ ಬದಲು ವಾಲುತ್ತದೆ, ಕೋಡ್ ಬರೆದ ಹುಡುಗ ರಾತ್ರಿಯೆಲ್ಲ ಕೂತು ತನ್ನ ಕೋಡ್ ಬೈದುಕೊಳ್ಳುತ್ತಾನೆ. ತಪ್ಪು ಇರುವುದು ಹಬ್ಬಿನಲ್ಲಿ. 3ಡಿ ಪ್ರಿಂಟ್ ಮಾಡಿಕೊಳ್ಳಬಹುದು ನಿಜ, ಆದರೆ ಸಾಮಾನ್ಯವಾಗಿ ಎಲ್ಲರೂ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಸಾಕು, ಸೊಟ್ಟಗಾಗುತ್ತದೆ. ಬಿಸಿಯಾದ ಮೋಟರಿಗೆ ಅಂಟಿಕೊಂಡಿದ್ದರೆ ಕೇಳಲೇಬೇಡಿ.

ಅಲ್ಲಿಗೆ ಲೇತ್ ಅಂಗಡಿಯೇ ಗತಿ. ಊರಲ್ಲಿ ಲೇತ್ ಅಂಗಡಿ ಬೇಕಾದಷ್ಟಿವೆ. ಹಿಂದೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು, ಮಿಲ್ಲುಗಳು ಹೋದರೂ ಕೈಕೆಲಸ ಉಳಿದಿದೆ. ಸಮಸ್ಯೆ ಏನೆಂದರೆ, ಸ್ಟೂಡೆಂಟ್ಸ್ ತರುವ ಕೆಲಸ ಯಾರಿಗೂ ಬೇಡ. ಎರಡು ಪೀಸು, ನಾಲ್ಕು ಪೀಸು, ಅದರಲ್ಲಿ ಹತ್ತು ಸಲ ಬದಲಾವಣೆ, ಕೊನೆಗೆ ಚೌಕಾಸಿ. ನಾವು ಮುಂಚೆ ಹೋಗುತ್ತಿದ್ದ ಇನ್ನೊಂದು ಅಂಗಡಿಯಲ್ಲಿ (ಯಾವುದು ಅಂತ ಬೇಡ) ಕೆಲಸ ಒಪ್ಪಿಕೊಳ್ಳುತ್ತಿದ್ದರು, ಆದರೆ ಅಳತೆ ಕಣ್ಣಂದಾಜು. ಬೇರಿಂಗ್ ಲೊಡ ಲೊಡ ಅನ್ನುತ್ತಿತ್ತು. ಕೇಳಿದರೆ "ಪ್ರಾಜೆಕ್ಟಿಗೆ ಇಷ್ಟು ಸಾಕ್ ಬಿಡವ್ವ" ಅನ್ನುವ ಉತ್ತರ.

ಇಲ್ಲಿ ಉಲ್ಟಾ. ಇಲ್ಲಿ ಪ್ರಶ್ನೆ ಕೇಳುವವರು ಅವರು. 608 ಬೇರಿಂಗ್ ಗೊತ್ತಲ್ಲ, ಸ್ಕೇಟಿಂಗ್ ಚಕ್ರದಲ್ಲಿ ಇರುತ್ತಲ್ಲ ಅದು, ಒಳಗೆ 8, ಹೊರಗೆ 22, ದಪ್ಪ 7 ಮಿ.ಮೀ. ಅದನ್ನು ಕೂರಿಸಲು ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಹಬ್ ಬೇಕಿತ್ತು. ಡ್ರಾಯಿಂಗಿನಲ್ಲಿ 22 ಅಂತ ಬರೆದಿತ್ತು. ಅಜ್ಜ ಕನ್ನಡಕ ಮೇಲೆ ಮಾಡಿಕೊಂಡು ನೋಡಿ, "22 ಅಂದ್ರೆ ಯಾವ 22? ಕೈಲಿ ಒತ್ತಿದ್ರೆ ಕೂರಬೇಕಾ, ಪ್ರೆಸ್ಸಲ್ಲಿ ಒತ್ತಬೇಕಾ?" ಅಂದರು. ಮೆಕ್ಯಾನಿಕಲ್ ಓದುವ ನಮ್ಮ ಹುಡುಗ ಲಿಮಿಟ್ಸ್ ಅಂಡ್ ಫಿಟ್ಸ್, ಅಂದರೆ ಎರಡು ಭಾಗ ಎಷ್ಟು ಬಿಗಿಯಾಗಿ ಕೂರಬೇಕು ಅನ್ನುವ ಪಾಠ, ಪರೀಕ್ಷೆಯಲ್ಲಿ ಚೆನ್ನಾಗಿ ಬರೆದವನೇ. ಎಚ್7 ಅನ್ನುವ ಗುರುತಿದ್ದರೆ ಆ ಅಳತೆಯ ತೂತು 22.000ದಿಂದ 22.021 ಮಿ.ಮೀ.ವರೆಗೆ ಇರಬಹುದು ಅಂತ ಅವನಿಗೆ ಬಾಯಿಪಾಠ. ಆದರೆ ಅದು ಕೈಗೆ ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ. ಅಜ್ಜ ಮೂರು ಬುಷ್ (ಉಂಗುರದಂಥ ತುಂಡು) ತರಿಸಿ ಒಂದೊಂದಕ್ಕೂ ಬೇರಿಂಗ್ ಹಾಕಿಸಿದರು. ಒಂದರಲ್ಲಿ ಜಾರಿ ಬಿತ್ತು, ಒಂದರಲ್ಲಿ ಹೆಬ್ಬೆರಳಿಗೆ ಕೂತಿತು, ಇನ್ನೊಂದರಲ್ಲಿ ಕೂರಲೇ ಇಲ್ಲ. "ಯಾವ್ದು ಬೇಕೋ ಬರ್ಕೊಂಬಾ" ಅಂತ ವಾಪಸ್ ಕಳಿಸಿದರು. ಆವತ್ತು ಕೆಲಸ ಆಗಲಿಲ್ಲ. ಅವನು ಕೋಪ ಮಾಡಿಕೊಂಡು ಬಂದ. ಈಗ ಜೂನಿಯರ್‌ಗಳಿಗೆ ಇದೇ ಮೂರು ಬುಷ್ ಆಟ ಆಡಿಸುವವನು ಅವನೇ.

ರೇಟಿನ ವಿಷಯ. ಕಮ್ಮಿ ಇಲ್ಲ, ಜಾಸ್ತಿಯೂ ಇಲ್ಲ. ಸಾಧಾರಣ ಹಬ್ ಒಂದಕ್ಕೆ ನೂರೈವತ್ತರಿಂದ ಇನ್ನೂರೈವತ್ತು, ಕೀವೇ (ಹಬ್ ಶಾಫ್ಟಿನ ಮೇಲೆ ಜಾರದಂತೆ ಕೊರೆಯುವ ಸೀಳು) ಹೊಡೆಯಬೇಕಿದ್ದರೆ ಅದು ಬೇರೆ, ಮೆಟೀರಿಯಲ್ ನಮ್ಮದು. ಮೆಟೀರಿಯಲ್ ಅವರೇ ಹಾಕಿದರೆ ತೂಕದ ಲೆಕ್ಕ, ತಕ್ಕಡಿ ಎದುರಿಗೇ ಇದೆ. ಚೌಕಾಸಿ ಮಾಡಿದರೆ ರೇಟ್ ಇಳಿಯುವುದಿಲ್ಲ, ನಿಮ್ಮ ಕೆಲಸ ಸಾಲಿನ ಕೊನೆಗೆ ಹೋಗುತ್ತದೆ, ಅಷ್ಟೇ. ಆದರೆ ಒಂದು ರಿಯಾಯಿತಿ ಉಂಟು, ಅದು ಯಾರೂ ಕೇಳದೆ ಸಿಕ್ಕಿದ್ದು: ಮಿಕ್ಕ ತುಂಡುಗಳು. ಇಎನ್8 ಉಕ್ಕಿನ ಶಾಫ್ಟಿನ ಅರ್ಧ ಅಡಿ, ನೈಲಾನ್ ರಾಡಿನ ಬಾಲ, ಅಲ್ಯೂಮಿನಿಯಂ ತುಣುಕು. ಒಂದು ಎಣ್ಣೆ ಡಬ್ಬಿಯಲ್ಲಿ ಹಾಕಿಡುತ್ತಾರೆ. ನಮ್ಮ ರೋಬೋಟಿನ ಸಣ್ಣ ಸ್ಪೇಸರ್‌ಗಳು ಎಲ್ಲ ಆ ಡಬ್ಬಿಯಿಂದ ಬಂದವು.

ಈಗ ಸ್ಪಾನ್ಸರ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ಅಂಗಡಿಯ ಬೆಲೆ ಗೊತ್ತಾಗಬೇಕಿದ್ದರೆ ಅದು ಗೊತ್ತಿರಬೇಕು.

ಎಲ್ಲ ಟೀಮುಗಳೂ ಶುರು ಮಾಡುವುದು ಪತ್ರದಿಂದ. ಚಂದದ ಲೆಟರ್‌ಹೆಡ್, ಗೋಲ್ಡ್ ಸಿಲ್ವರ್ ಬ್ರಾಂಜ್ ಅಂತ ಪಟ್ಟಿ, ಇಷ್ಟು ಕೊಟ್ಟರೆ ಟಿ-ಶರ್ಟ್ ಮೇಲೆ ಲೋಗೋ, ಅಷ್ಟು ಕೊಟ್ಟರೆ ರೋಬೋಟ್ ಮೇಲೆ ಲೋಗೋ. ನಾವೂ ಕಳಿಸಿದೆವು. ಬೆಂಗಳೂರಿನ ಕಂಪನಿಗಳಿಗೆ ಕಳಿಸಿದ್ದಕ್ಕೆ ಹೆಚ್ಚಿನವು ಉತ್ತರವನ್ನೇ ಕೊಡಲಿಲ್ಲ. ಒಂದು ಕಡೆ "ನೋಡೋಣ, ಸಿಎಸ್‌ಆರ್‌ನಲ್ಲಿ ಮಾಡ್ತೀವಿ" ಅಂದರು, ತಿಂಗಳುಗಟ್ಟಲೆ ಓಡಾಡಿಸಿದರು, ಕೊನೆಗೆ ಆಗಲ್ಲ ಅಂದರು. ಇಲ್ಲಿ ಒಂದು ಮಾತು, ಪ್ರತಿ ವರ್ಷ ಹೊಸ ಹುಡುಗರು ಇದೇ ಗುಂಡಿಗೆ ಬೀಳುತ್ತಾರೆ ಅಂತ ಹೇಳುತ್ತಿದ್ದೇನೆ. ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಅನ್ನುವುದು ಕಂಪನಿಯವರು ಮನಸ್ಸು ಬಂದ ಹಾಗೆ ಹಂಚುವ ದುಡ್ಡಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗೆ ಅದು ಅನ್ವಯಿಸುತ್ತದೆ. ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2 ಖರ್ಚು ಮಾಡಬೇಕು. ಬೇರೆ ಸಂಸ್ಥೆಯ ಮೂಲಕ ಖರ್ಚು ಮಾಡುವುದಾದರೆ ಆ ಸಂಸ್ಥೆ 2021ರಿಂದ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ನಿಮ್ಮ ಟೀಮಿಗೆ ಪ್ಯಾನ್ ಕಾರ್ಡೂ ಇರುವುದಿಲ್ಲ, ಅಲ್ವಾ? ಇನ್ನೂ ಮುಖ್ಯವಾದ್ದು, ತಮ್ಮ ಸರಕಿನ ಪ್ರಚಾರಕ್ಕೆ ಅಂತ ಮಾಡುವ ಸ್ಪಾನ್ಸರ್‌ಶಿಪ್ ಸಿಎಸ್‌ಆರ್ ಲೆಕ್ಕಕ್ಕೆ ಬರುವುದೇ ಇಲ್ಲ ಅಂತ ನಿಯಮದಲ್ಲೇ ಇದೆ. ಅಂದರೆ "ಸಿಎಸ್‌ಆರ್ ದುಡ್ಡು ಕೊಡಿ, ನಿಮ್ಮ ಲೋಗೋ ದೊಡ್ಡದಾಗಿ ಹಾಕ್ತೀವಿ" ಅಂತ ಬರೆದ ಪತ್ರ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ಲೋಗೋ ಹಾಕಿಸುವುದಾದರೆ ಮಾರ್ಕೆಟಿಂಗ್ ವಿಭಾಗಕ್ಕೆ ಬರೆಯಿರಿ. ಸಿಎಸ್‌ಆರ್ ಬೇಕಿದ್ದರೆ ಕಾಲೇಜಿನ ಟ್ರಸ್ಟಿಗೆ ಆ ನೋಂದಣಿ ಇದೆಯಾ ಅಂತ ಮೊದಲು ಆಫೀಸಿನಲ್ಲಿ ಕೇಳಿ.

ಒಬ್ಬ ಸ್ಪಾನ್ಸರ್ ಸಿಕ್ಕಿದರು ಅನ್ನಿ. ದುಡ್ಡು ಅನ್ನುವ ಬದಲು ಟಿ-ಶರ್ಟ್ ಕೊಟ್ಟರು. ಬೆನ್ನ ತುಂಬ ಅವರದೇ ಹೆಸರು, ಕಾಲೇಜಿನ ಹೆಸರು ತೋಳಿನ ಮೇಲೆ ಇರುವೆಯಷ್ಟು. ಟಿ-ಶರ್ಟಿನಿಂದ ರೋಬೋಟ್ ಓಡುವುದಿಲ್ಲ. ಆದರೂ ಹಾಕಿಕೊಂಡೆವು.

ಲೇತ್ ಅಂಗಡಿಯವರು ಒಂದು ರೂಪಾಯಿ ಸ್ಪಾನ್ಸರ್ ಮಾಡಲಿಲ್ಲ. ಆದರೆ ನಮ್ಮ ಟೀಮಿಗೆ ಈ ಊರಲ್ಲಿ ಸಿಕ್ಕ ಬೆಂಬಲ ಸುಮಾರಾಗಿ ಎಲ್ಲವೂ ಅವರ ಅಂಗಡಿಯ ಬಾಗಿಲಿನಿಂದಲೇ ಬಂತು. ಹೇಗೆ ಅಂತ ಹೇಳುತ್ತೇನೆ.

ಅಂಗಡಿಯ ದೊಡ್ಡ ಗಿರಾಕಿಗಳು ರೈಸ್ ಮಿಲ್ಲಿನವರು, ಮೆಕ್ಕೆಜೋಳ ಬಿಡಿಸುವ ಮಷಿನ್ ಇಟ್ಟುಕೊಂಡವರು, ಚನ್ನಗಿರಿ ಕಡೆಯಿಂದ ಅಡಿಕೆ ಸುಲಿಯುವ ಯಂತ್ರದ ಬ್ಲೇಡ್ ತರುವವರು. ಒಂದು ದಿನ ಒಬ್ಬ ಮಿಲ್ಲಿನವರು ತೇಯ್ದುಹೋದ ಪುಲ್ಲಿ ಹಿಡಿದುಕೊಂಡು ಬಂದಿದ್ದರು. ಭತ್ತ ಮೇಲಕ್ಕೆತ್ತುವ ಎಲಿವೇಟರ್ ಇರುತ್ತಲ್ಲ, ಬೆಲ್ಟಿಗೆ ಬಕೆಟ್ ಕಟ್ಟಿರುತ್ತಾರೆ, ಅದರದ್ದು. ಬೆಲ್ಟ್ ಜಾರಲು ಶುರುವಾದರೆ ಮೋಟರ್ ತಿರುಗುತ್ತಲೇ ಇರುತ್ತದೆ, ಬೆಲ್ಟ್ ನಿಂತಿರುತ್ತದೆ, ಉಜ್ಜಿ ಉಜ್ಜಿ ಪುಲ್ಲಿ ಹಾಳು, ಬೆಲ್ಟ್ ಸುಟ್ಟ ವಾಸನೆ ಬಂದಾಗಲೇ ಗೊತ್ತಾಗುವುದು. ನಮ್ಮ ಎಲೆಕ್ಟ್ರಾನಿಕ್ಸ್ ಹುಡುಗಿ ಅಲ್ಲೇ ಹಬ್‌ಗಾಗಿ ಕಾಯುತ್ತಾ ನಿಂತಿದ್ದಳು. "ಕೆಳಗಿನ ಪುಲ್ಲಿ ಎಷ್ಟು ಸುತ್ತು ತಿರುಗ್ತಿದೆ ಅಂತ ಎಣಿಸಿದ್ರೆ ಆಯ್ತಲ್ಲ ಅಂಕಲ್" ಅಂದಳು. ಯಜಮಾನರು ಅವಳ ಮುಖ ನೋಡಿದರು. "ಮಾಡಿಕೊಡ್ತೀಯೇನವ್ವ?" ಅಂದರು.

ಮಾಡಿಕೊಟ್ಟಳು. ಲೋಹ ಹತ್ತಿರ ಬಂದರೆ ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರ್ ಒಂದು, ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡ್ ಒಂದು, ಒಂದು ರಿಲೇ, ಒಂದು ಹೂಟರ್. ಪುಲ್ಲಿಯ ಮೇಲೆ ಒಂದು ಬೋಲ್ಟ್ ತಲೆ, ಅದು ಸೆನ್ಸರ್ ಮುಂದೆ ಹಾದಾಗೆಲ್ಲ ಒಂದು ಎಣಿಕೆ. ಎಣಿಕೆ ಕಮ್ಮಿಯಾದರೆ ಹೂಟರ್ ಕೂಗುತ್ತದೆ, ರಿಲೇ ಮೋಟರ್ ನಿಲ್ಲಿಸುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇದು ಹೊಸದಲ್ಲ, ಸ್ಪೀಡ್ ಸ್ವಿಚ್ ಅಂತ ರೆಡಿ ಸಿಗುತ್ತದೆ. ಆದರೆ ಆ ಮಿಲ್ಲಿಗೆ ಅದನ್ನು ಯಾರೂ ತಂದು ತೋರಿಸಿರಲಿಲ್ಲ. ಬ್ರಾಕೆಟ್ ಲೇತ್ ಅಂಗಡಿಯವರೇ ಮಾಡಿದರು. ಧೂಳಿನಲ್ಲಿ ಬೋರ್ಡ್ ಉಳಿಯಲಿ ಅಂತ ಗ್ಯಾಸ್ಕೆಟ್ ಇರುವ ಡಬ್ಬಿ ಸೂಚಿಸಿದ್ದು ಅಜ್ಜ.

ಮಿಲ್ಲಿನವರು ದುಡ್ಡು ಕೊಡಲು ಬಂದಾಗ ನಾವು ಬೇರೆ ಕೇಳಿದೆವು. ನಾವು ಇಳಿಯುವ ಸ್ಪರ್ಧೆ ರೋಬೋಕಾನ್, ಕಾಲೇಜು ಟೀಮುಗಳ ಅಂತರರಾಷ್ಟ್ರೀಯ ರೋಬೋಟ್ ಸ್ಪರ್ಧೆ. ಅದು ಸಣ್ಣ ಮೇಜಿನ ಮೇಲಿನ ಆಟವಲ್ಲ, ಅಭ್ಯಾಸಕ್ಕೆ ದೊಡ್ಡ ಅಂಕಣ ಬೇಕು, ಕಾಲೇಜಿನ ಲ್ಯಾಬಿನಲ್ಲಿ ಹಿಡಿಯುವುದಿಲ್ಲ. ಖಾಲಿ ಗೋಡೌನ್ ಕೊಡ್ತೀರಾ ಅಂದೆವು. ಕೊಟ್ಟರು. ನುಣ್ಣನೆ ಸಿಮೆಂಟ್ ನೆಲ, ಮೇಲೆ ಶೀಟು, ಕರೆಂಟು, ಮತ್ತೆ ಕಾವಲುಗಾರ. ಇದನ್ನು ದುಡ್ಡು ಕೊಟ್ಟು ಬಾಡಿಗೆಗೆ ಹಿಡಿಯುವ ಶಕ್ತಿ ನಮಗೆ ಇರಲೇ ಇಲ್ಲ. ಷರತ್ತು ಒಂದೇ: ಬೇಸಿಗೆ ಭತ್ತ ಬರುವ ಹೊತ್ತಿಗೆ ಖಾಲಿ ಮಾಡಬೇಕು. ಭದ್ರಾ ನೀರಿನ ಭತ್ತ ಮೇ ಹೊತ್ತಿಗೆ ಕೊಯ್ಲಿಗೆ ಬರುತ್ತದೆ, ನಮ್ಮ ಸ್ಪರ್ಧೆಯ ಗಡಿಬಿಡಿಯೂ ಅದೇ ಸಮಯಕ್ಕೆ. ಆಗ ಸಾಮಾನು ಹೊತ್ತುಕೊಂಡು ಕಾಲೇಜಿನ ಕಾರಿಡಾರಿಗೆ ಬಂದೆವು. ಅದೇನು ಕಮ್ಮಿ ಕಷ್ಟವಲ್ಲ, ಆದರೆ ಒಪ್ಪಿದ ಮೇಲೆ ಒಪ್ಪಿದ್ದೇ.

ಅಲ್ಲಿಂದ ಮುಂದೆ ಪತ್ರ ಬರೆಯುವುದು ಬಿಟ್ಟೆ. ಯಜಮಾನರ ಫೋನ್ ಸಾಕಾಯಿತು. "ನಮ್ ಹುಡ್ರು ಬರ್ತಾರೆ, ಸ್ವಲ್ಪ ನೋಡ್ರಿ" ಅನ್ನುತ್ತಿದ್ದರು. ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ಉಳಿಕೆ ಸೆಕ್ಷನ್ ತೂಕಕ್ಕೆ ಸಿಕ್ಕಿತು. ಕಿಟಕಿ ಸೆಕ್ಷನ್ ಸಾಮಾನ್ಯವಾಗಿ 6063 ಅಲಾಯ್, ರೋಬೋಟ್ ಫ್ರೇಮಿಗೆ ಅಷ್ಟು ಗಟ್ಟಿಯಲ್ಲದಿದ್ದರೂ ಮೊದಲ ಮಾದರಿಗೆ ಧಾರಾಳ ಸಾಕು. ಮೋಟರ್ ರಿವೈಂಡಿಂಗ್ ಮಾಡುವವರೊಬ್ಬರು ಸುಟ್ಟ ಮೋಟರ್ ಬಿಚ್ಚಿ ತೋರಿಸಿದರು, ಯಾಕೆ ಸುಟ್ಟಿತು ಅಂತ. ಬೋರ್ಡು, ಫ್ಲೆಕ್ಸ್ ಮಾಡುವ ಅಂಗಡಿಯಲ್ಲಿ ಅಕ್ರಿಲಿಕ್ ಅಕ್ಷರ ಕತ್ತರಿಸುವ ಲೇಸರ್ ಇತ್ತು, ಬೆಳಗ್ಗೆ ಗಿರಾಕಿ ಬರುವ ಮೊದಲು ಬಂದರೆ ನಿಮಿಷದ ಲೆಕ್ಕದಲ್ಲಿ ಕಮ್ಮಿಗೆ ಕತ್ತರಿಸಿಕೊಡುತ್ತೇವೆ ಅಂದರು. ಅಲ್ಲಿಗೆ ಹೋಗುವವರಿಗೆ ಒಂದು ಎಚ್ಚರಿಕೆ: ಸನ್‌ಬೋರ್ಡನ್ನು ಲೇಸರಿಗೆ ಹಾಕಿ ಅಂತ ಕೇಳಬೇಡಿ. ಅದು ಪಿವಿಸಿ, ಸುಟ್ಟರೆ ಕ್ಲೋರಿನ್ ತುಂಬಿದ ಹೊಗೆ ಬರುತ್ತದೆ, ಮನುಷ್ಯರಿಗೂ ಕೆಟ್ಟದ್ದು, ಮಷಿನ್ನಿಗೂ ತುಕ್ಕು. ಅಕ್ರಿಲಿಕ್, ಎಂಡಿಎಫ್ ಹಾಕಿಸಿ.

ಇವರ್ಯಾರೂ ಲೋಗೋ ಕೇಳಲಿಲ್ಲ. ಕೇಳಿದ್ದೇ ಬೇರೆ. ಕಿಟಕಿಯವರಿಗೆ ಮಗನಿಗೆ ಯಾವ ಬ್ರಾಂಚ್ ಸೇರಿಸಬೇಕು ಅಂತ ಮಾತಾಡಬೇಕಿತ್ತು. ರಿವೈಂಡಿಂಗ್‌ನವರಿಗೆ ಮೋಟರ್ ಟೆಸ್ಟ್ ಬೋರ್ಡಿನ ವೈರಿಂಗ್ ನೀಟಾಗಬೇಕಿತ್ತು. ಲೇತ್ ಅಂಗಡಿಯ ಯಜಮಾನರು, ತಮ್ಮ ಮಗಳು ಓದುವ ಸರ್ಕಾರಿ ಶಾಲೆಗೆ ಬಂದು ಮಕ್ಕಳಿಗೆ ರೋಬೋಟ್ ತೋರಿಸಿ ಅಂದರು. ಶಾಲೆಗಳಲ್ಲಿ ಮಕ್ಕಳು ಕೈಯಾರೆ ಮಾಡಿ ಕಲಿಯಲು ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಅಂತ 2016ರಿಂದ ಇದೆ, 6ರಿಂದ 12ನೇ ತರಗತಿ ಮಕ್ಕಳಿಗೆ, ಆಯ್ಕೆಯಾದ ಶಾಲೆಗೆ 20 ಲಕ್ಷದವರೆಗೆ ಅನುದಾನ. 2025ರ ಕೇಂದ್ರ ಬಜೆಟ್‌ನಲ್ಲಿ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬ್ ಅಂತ ಹೇಳಿದ್ದಾರೆ. ಈ ಶಾಲೆಗೆ ಅದು ಬಂದಿರಲಿಲ್ಲ. ನಾವು ಗೆರೆ ಹಿಡಿದು ಓಡುವ ಚಿಕ್ಕ ರೋಬೋಟ್ ತೆಗೆದುಕೊಂಡು ಶನಿವಾರ ಹೋಗಲು ಶುರು ಮಾಡಿದೆವು. ಕಪ್ಪು ಇನ್ಸುಲೇಷನ್ ಟೇಪು ನೆಲಕ್ಕೆ ಅಂಟಿಸಿ, ಮಕ್ಕಳೇ ದಾರಿ ಮಾಡಬೇಕು, ರೋಬೋಟ್ ತಪ್ಪಿಸಿಕೊಂಡರೆ ಅವರು ಗೆದ್ದಂತೆ. ರೋಬೋಟ್ ಸೋತಾಗೆಲ್ಲ ಕಿರುಚಾಟ. ಕನ್ನಡದಲ್ಲಿ ಹೇಳಿಕೊಡುವುದು ಮೊದಲಿಗೆ ನಮ್ಮವರಿಗೇ ತಡವರಿಸಿತು, ಆಮೇಲೆ ಸರಾಗವಾಯಿತು.

ಆಯುಧಪೂಜೆಯ ದಿನ ಅಂಗಡಿಗೆ ಬನ್ನಿ, ರೋಬೋಟನ್ನೂ ತನ್ನಿ ಅಂದರು. ಲೇತಿನ ಪಕ್ಕ ಅದನ್ನೂ ಇಟ್ಟು, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು. ರಿಮೋಟಿನಿಂದ ಮುಂದೆ ಓಡಿಸಿ ನಿಂಬೆಹಣ್ಣು ಹತ್ತಿಸಿದೆವು. ಅವತ್ತು ಅಂಗಡಿಗೆ ಬಂದ ಗಿರಾಕಿಗಳು, ಅಕ್ಕಪಕ್ಕದವರು, ಎಲ್ಲರಿಗೂ ಮಂಡಕ್ಕಿ, ಸಿಹಿ, ಜೊತೆಗೆ ನಮ್ಮ ರೋಬೋಟ್. "ಇದೇನ್ ಮಾಡ್ತೈತಿ?" ಅನ್ನುವ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಎಲ್ಲ ವರ್ಷದ ಪ್ರೆಸೆಂಟೇಷನ್‌ಗಿಂತ ಚೆನ್ನಾಗಿತ್ತು ಅನ್ನಿಸುತ್ತದೆ. 2024ರ ರೋಬೋಕಾನ್ ವಿಯೆಟ್ನಾಂನಲ್ಲಿ ನಡೆದಾಗ ವಿಷಯವೇ ಭತ್ತದ ನಾಟಿ, ಕೊಯ್ಲು, ಕಣಜ ತುಂಬುವುದು. ಪ್ರತಿ ವರ್ಷ ನಡೆಸುವ ದೇಶದವರೇ ವಿಷಯ ಇಡುತ್ತಾರೆ, ಮರುವರ್ಷ ಮಂಗೋಲಿಯಾದವರು ಬಾಸ್ಕೆಟ್‌ಬಾಲ್ ಇಟ್ಟರು. ಆ ನಾಟಿ ವಿಷಯ ಹೇಳಿದಾಗ ಒಬ್ಬ ರೈತರು ನಕ್ಕು, "ನಮ್ ಗದ್ದೆಗೆ ಇಳಿಸ್ರಿ ನೋಡೋಣ, ಕೆಸರಲ್ಲಿ ಎಷ್ಟ್ ದೂರ ಹೋಗ್ತದ" ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ. ಕೆಸರಿಗಿಳಿಯುವ ರೋಬೋಟ್ ಬೇರೆಯದೇ ಸಂಗತಿ.

ಇಷ್ಟೆಲ್ಲ ಊರಿನ ನಂಟು ಸ್ಪರ್ಧೆಗೆ ಏನು ಉಪಯೋಗ ಅಂತ ಕೇಳುವ ಸೀನಿಯರ್‌ಗಳೂ ಇದ್ದರು. ಅಮೆರಿಕದಲ್ಲಿ ಫಸ್ಟ್ ಅಂತ ಒಂದು ಸಂಸ್ಥೆ ಇದೆ, ಡೀನ್ ಕೇಮನ್ 1989ರಲ್ಲಿ ಶುರು ಮಾಡಿದ್ದು, ಶಾಲೆ ಮಕ್ಕಳ ಟೀಮುಗಳಿಗೆ. ಅವರ ದೊಡ್ಡ ರೋಬೋಟ್ ಸ್ಪರ್ಧೆ 1992ರಿಂದ ನಡೆಯುತ್ತಿದೆ. ಅಲ್ಲಿ ಎಲ್ಲಕ್ಕಿಂತ ದೊಡ್ಡ ಮರ್ಯಾದೆಯ ಬಹುಮಾನ ಪಂದ್ಯ ಗೆದ್ದ ರೋಬೋಟಿಗಲ್ಲ. ಇಂಪ್ಯಾಕ್ಟ್ ಅವಾರ್ಡ್ ಅಂತ, ಮುಂಚೆ ಚೇರ್ಮನ್ಸ್ ಅವಾರ್ಡ್ ಅನ್ನುತ್ತಿದ್ದರು, ಸುತ್ತಲಿನ ಜನರ ನಡುವೆ ಟೀಮು ಏನು ಬದಲಾವಣೆ ತಂದಿತು ಅಂತ ನೋಡಿ ಕೊಡುತ್ತಾರೆ. ಹಾಗಾಗಿ ಅಲ್ಲಿನ ಟೀಮುಗಳು ಊರಿನ ಕಾರ್ಖಾನೆ, ಗ್ರಂಥಾಲಯ, ಚಿಕ್ಕ ಶಾಲೆಗಳ ಜೊತೆ ವರ್ಷಗಟ್ಟಲೆ ಸಂಬಂಧ ಇಟ್ಟುಕೊಳ್ಳುತ್ತವೆ. ಆದರೆ ನಮ್ಮ ಅನುಭವದಲ್ಲಿ ಬಹುಮಾನ ಇಲ್ಲದಿದ್ದರೂ ಲೆಕ್ಕ ಸರಿಹೋಗುತ್ತದೆ. ಗೋಡೌನ್ ಸಿಕ್ಕಿತು, ಲೇಸರ್ ಸಿಕ್ಕಿತು, ಅಳತೆ ಕಲಿತೆವು. ಸುಮ್ನೆ ಸಮಾಜಸೇವೆ ಅಂತ ನಾನು ಹೇಳುತ್ತಿಲ್ಲ.

ಈಗ ಅಂಗಡಿಯ ಕೊರತೆಗಳು. ಇವು ಸಣ್ಣವಲ್ಲ.

ಕಾಯಬೇಕು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಮೆಕ್ಕೆಜೋಳದ ಹಂಗಾಮು, ಮಷಿನ್ ಕೆಟ್ಟ ರೈತ ಬಾಗಿಲಲ್ಲಿ ನಿಂತಿದ್ದರೆ ನಿಮ್ಮ ಹಬ್ ಮುಂದಿನ ವಾರಕ್ಕೆ. ಮೇನಲ್ಲಿ ಭತ್ತ ಕೊಯ್ಯುವ ಮಷಿನ್‌ಗಳದ್ದು ಅದೇ ಕಥೆ. ನಾವು ಇದನ್ನು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೇವೆ: ಲೇತ್ ಕೆಲಸ ಎಲ್ಲ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಅರ್ಜೆಂಟ್ ಅಂದರೆ ಅವರು ಕೇಳುವ ಮೊದಲ ಪ್ರಶ್ನೆ, "ನಿಮ್ದು ನಿಂತ್ರೆ ಯಾರದ್ದಾದ್ರೂ ಬೆಳೆ ಹಾಳಾಗ್ತದಾ?"

ಫೋನ್ ಎತ್ತುವುದಿಲ್ಲ, ಹೇಳಿದೆನಲ್ಲ. ಲೇತ್ ಸದ್ದಿನಲ್ಲಿ ಕೇಳಿಸುವುದೂ ಇಲ್ಲ. ವಾಟ್ಸಾಪ್‌ನಲ್ಲಿ ಡ್ರಾಯಿಂಗ್ ಕಳಿಸಿದರೆ ನೋಡುವುದು ರಾತ್ರಿ. ಕಂಪ್ಯೂಟರ್ ಡ್ರಾಯಿಂಗಿನ ಡಿಎಕ್ಸ್‌ಎಫ್ ಫೈಲು, ಪೆನ್‌ಡ್ರೈವ್ ಎಲ್ಲ ತರಲೇಬೇಡಿ, ಕಾಗದದ ಮೇಲೆ ಪ್ರಿಂಟ್ ತನ್ನಿ. ಬಿಲ್ ಕೇಳಿದರೆ ಕೊಡುತ್ತಾರೆ, ಜಿಎಸ್‌ಟಿ ಸಮೇತ, ಆದರೆ ಅಕೌಂಟ್ಸ್ ನೋಡುವವರು ವಾರಕ್ಕೊಮ್ಮೆ ಬರುವುದು. ಕಾಲೇಜಿನಿಂದ ದುಡ್ಡು ವಾಪಸ್ ಪಡೆಯುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ, ಮತ್ತು ಬಿಲ್ ಕಾಲೇಜಿನ ಹೆಸರಿಗೇ ಮಾಡಿಸಿ. ಟೀಮಿನ ಹೆಸರಿಗೆ ಮಾಡಿಸಿದರೆ ನಮ್ಮ ಆಫೀಸಿನಲ್ಲಿ ಪಾಸಾಗುವುದಿಲ್ಲ, ನಿಮ್ಮಲ್ಲೂ ಅದೇ ಇರಬಹುದು.

ಹುಡುಗಿಯರು ಹೋದರೆ ಶುರುವಿನಲ್ಲಿ "ಜೊತೆಗೆ ಹುಡುಗ್ರು ಯಾರೂ ಬಂದಿಲ್ವಾ?" ಅನ್ನುವ ಪ್ರಶ್ನೆ ಬರುತ್ತದೆ. ನನಗೂ ಬಂತು, ಕಿರಿಕಿರಿಯೂ ಆಯಿತು. ಎಲಿವೇಟರ್ ಸೆನ್ಸರ್ ಆದಮೇಲೆ ಆ ಪ್ರಶ್ನೆ ನಿಂತಿತು. ಆದರೆ ಅದಕ್ಕೆ ಒಂದು ಸೆನ್ಸರ್ ಮಾಡಿಕೊಡಬೇಕಾಗಿ ಬಂದದ್ದು ಸರಿ ಅಂತ ನನಗೇನೂ ಅನ್ನಿಸುವುದಿಲ್ಲ. ಇನ್ನೊಂದು, ಕಣ್ಣಿನ ರಕ್ಷಣೆಗೆ ಹಾಕುವ ಸೇಫ್ಟಿ ಕನ್ನಡಕ ಅಲ್ಲಿ ಯಾರೂ ಹಾಕುವುದಿಲ್ಲ, ನಿಮ್ಮದು ನೀವೇ ತೆಗೆದುಕೊಂಡು ಹೋಗಿ. ಚೂರು ಹಾರುತ್ತವೆ. ದುಪಟ್ಟಾ, ಉದ್ದ ತೋಳು, ಕೈಗೆ ಕಟ್ಟಿದ ದಾರ ಇದ್ದರೆ ಲೇತಿನಿಂದ ದೂರ ನಿಲ್ಲಿ, ಅಜ್ಜ ಬೈಯುವ ಮೊದಲೇ.

ಹೋಗುವವರಿಗೆ: ಡ್ರಾಯಿಂಗಿನ ಜೊತೆ ಕೂರಬೇಕಾದ ಬೇರಿಂಗ್, ಮೋಟರ್, ಸ್ಕ್ರೂ ಎಲ್ಲ ತೆಗೆದುಕೊಂಡು ಹೋಗಿ. ಅಳತೆ ಅವರೇ ಮೈಕ್ರೋಮೀಟರ್ ಹಿಡಿದು ನೋಡಿಕೊಳ್ಳುತ್ತಾರೆ, ನಿಮ್ಮ ಕಾಗದದ ಮೇಲಿನ ಸಂಖ್ಯೆಗಿಂತ ಅದನ್ನೇ ನಂಬುತ್ತಾರೆ. ಯಾವ ಅಳತೆ ಮುಖ್ಯ, ಯಾವುದು ಹೆಚ್ಚುಕಮ್ಮಿ ಆದರೂ ನಡೆಯುತ್ತದೆ ಅಂತ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ಇದೊಂದರಿಂದ ರೇಟೂ ಇಳಿಯುತ್ತದೆ, ಯಾಕೆಂದರೆ ಎಲ್ಲ ಕಡೆ ಮೈಕ್ರಾನ್ ಹಿಡಿಯುವ ಕೆಲಸ ತಪ್ಪುತ್ತದೆ. ಬೆಳಗ್ಗೆ ಹತ್ತರ ಹೊತ್ತಿಗೆ ಹೋದರೆ ಅಜ್ಜ ಇರುತ್ತಾರೆ, ಮಧ್ಯಾಹ್ನ ಊಟ ಮಾಡಿ ಮಲಗುತ್ತಾರೆ. ಸಂಜೆ ಗಿರಾಕಿಗಳ ರಶ್ಶು. ಅಮಾವಾಸ್ಯೆ ದಿನ ಬಾಗಿಲು ಮುಚ್ಚಿರುತ್ತದೆ.

ಈ ವರ್ಷದಿಂದ ಒಂದು ಹಾಳೆಯಲ್ಲಿ ಒಪ್ಪಂದ ಬರೆದುಕೊಂಡಿದ್ದೇವೆ. ನಮ್ಮ ಕೆಲಸ ಯಾವ ತಿಂಗಳಲ್ಲಿ ಬರುತ್ತದೆ, ಸುಮಾರು ಎಷ್ಟು ಪೀಸು, ರೇಟ್ ಎಷ್ಟು, ಬದಲಿಗೆ ಶನಿವಾರದ ಶಾಲೆ ಯಾರು ನೋಡಿಕೊಳ್ಳುತ್ತಾರೆ, ಮಿಲ್ಲಿನ ಸೆನ್ಸರ್ ಕೆಟ್ಟರೆ ಯಾರು ಹೋಗಬೇಕು. ನಾವು ಓದು ಮುಗಿಸಿ ಹೋಗುತ್ತೇವೆ, ಸೆನ್ಸರ್ ಅಲ್ಲೇ ಇರುತ್ತದೆ, ಹಾಗಾಗಿ ಜೂನಿಯರ್‌ಗಳ ಸಹಿಯನ್ನೂ ಹಾಕಿಸಿದೆ. ಯಜಮಾನರು ಓದಿ, ರೇಟಿನ ಸಾಲಿನಲ್ಲಿ "ಮೆಟೀರಿಯಲ್ ಬಿಟ್ಟು" ಅಂತ ಕೈಯಲ್ಲಿ ಸೇರಿಸಿ ಸಹಿ ಹಾಕಿದರು. ಐದಕ್ಕೆ ನಾಲ್ಕು ಕೊಡುತ್ತೇನೆ. ಕಾಯಿಸಿದ್ದಕ್ಕೆ ಅರ್ಧ ಕಳೆದಿದ್ದೇನೆ, ಫೋನಿಗೆ ಅರ್ಧ.